ಬಸ್ಸಿನ ಕಿಟಕಿಯಲ್ಲಿ ಒಣಗಿದ ಬಾಣ

ನಾಟಕದ ರಾಮನಿಗೆ ಮರದ ಬಾಣ ಕೆತ್ತಿ, ನೀರಿಳಿಯದ ಹಾಗೆ ದೋಣಿಯ ಬಣ್ಣವನ್ನೇ ದಪ್ಪಗೆ ಬಳಿದಿದ್ದೆ. ಸಂಜೆ ಕಾರವಾರದ ಹಬ್ಬುವಾಡದಲ್ಲಿ ನಾಟಕ. ಅಂಕೋಲೆಯಲ್ಲಿ ಬಸ್ ಹತ್ತಿದಾಗಲೂ ಬಣ್ಣ ಹಸಿ. ಹಾಗೇ ಕೊಟ್ಟರೆ ರಾಮನ ಪೀತಾಂಬರ ಹಾಳು, ನನ್ನ ಮರ್ಯಾದೆಯೂ ಹಾಳು. ಆದರೂ, ನಾನು ಇದೇ ಬಣ್ಣ ಹೊಡೆದ ದೋಣಿ ಒಮ್ಮೆ ಆಳಿಲ್ಲದೆ ಗೋವಾ ಮುಟ್ಟಿ ಬಂದ ಕತೆಯನ್ನು ಪಕ್ಕದ ಮೀನು ಮಾರುವ ಹೆಂಗಸಿಗೆ ಹೇಳಿದೆ.

"ಅಜ್ಜಾ, ಈ ಬಾಣ ಹಾರೂಕಾ, ತೇಲೂಕಾ?" ಎಂದವಳೇ ಬಾಣವನ್ನು ಕಿತ್ತುಕೊಂಡು ಕಿಟಕಿಯ ಹೊರಗೆ ಗಾಳಿಗೆ ಹಿಡಿದಳು.

"ಅಕ್ಕಾ, ಕೈ ಒಳಗೆ!" ಕಂಡಕ್ಟರ್ ಕೂಗಿದ.

"ಕೈ ಒಳಗೇ ಅದೆ, ಬಾಣ ಮಾತ್ರ ಹೊರಗೆ!"

ಕಾರವಾರ ಬರುವುದರೊಳಗೆ ಬಣ್ಣ ಒಣಗಿ ಮಿರಮಿರ ಮಿಂಚಿತು. ನಾಟಕಕ್ಕೆ ಮೊದಲು ರಾವಣ ಮೂಗು ಮುಚ್ಚಿ ಕೇಳಿದ: "ಅಜ್ಜಾ, ಬಾಣಕ್ಕೆ ಮೀನಿನ ವಾಸನೆ ಎಂತಕ್ಕೆ?"

"ವರುಣಾಸ್ತ್ರ ಮಾರಾಯಾ, ಮತ್ತೇನು ಮಲ್ಲಿಗೆ ವಾಸನೆ ಬರೂದಾ?"