ಟೈಲರಕ್ಕನ ಅಂಗಳಕ್ಕೆ ಬಿದ್ದ ಚೆಂಡು

ಆ ಗಾಲ್ಫ್ ಕ್ಲಬ್ಬಿನ ಚರಿತ್ರೆ ತಿಳಿಯಬೇಕಾದರೆ ಗೋಡೆಯ ಮೇಲಿನ ಅಧ್ಯಕ್ಷರ ಫೋಟೋಗಳನ್ನು ನೋಡಿ ಪ್ರಯೋಜನವಿಲ್ಲ. ಅವರೆಲ್ಲ ಹಲ್ಲುನೋವು ಬಂದವರ ಹಾಗೆ ಕೂತಿದ್ದಾರೆ. ಮೈದಾನದ ತಿರುವಿನಲ್ಲಿರುವ ಟೈಲರಕ್ಕನ ಮನೆಗೆ ಹೋಗಬೇಕು. ಕ್ಲಬ್ಬು ಶುರುವಾದಾಗ ಸುತ್ತಲಿನವರೆಲ್ಲ ಜಾಗ ಮಾರಿದರು. ಅವಳ ಅಪ್ಪ ಮಾತ್ರ ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ಹೀಗಾಗಿ ಹುಲ್ಲುಹಾಸಿನ ನಟ್ಟನಡುವೆ ಅವಳ ಮನೆ, ಅಂಗಳ, ಜಗಲಿಯ ಮೇಲಿನ ಹೊಲಿಗೆ ಮೆಷಿನ್ನು ಉಳಿದುಕೊಂಡವು.

ದಿನಾ ಒಂದಷ್ಟು ಚೆಂಡುಗಳು ಅಂಗಳಕ್ಕೇ ಬೀಳುತ್ತಿದ್ದವು. ಅಕ್ಕ ಆರಿಸಿ ಬುಟ್ಟಿಗೆ ಹಾಕುವಳು. ಆಳು ಬಂದು ಕೇಳಿದರೆ ಕೊಡಳು. ಜಗಳವಾಡಿ ಸಾಕಾಗಿ ಒಬ್ಬ ಅಧ್ಯಕ್ಷರು ನಿಯಮವನ್ನೇ ಮಾಡಿದರು: ಚೆಂಡು ಅಕ್ಕನ ಅಂಗಳಕ್ಕೆ ಬಿದ್ದರೆ, ಹೊಡೆದವರೇ ಖುದ್ದಾಗಿ ಹೋಗಿ ಕೇಳತಕ್ಕದ್ದು.

ಹೋದವರನ್ನು ಅಕ್ಕ ಸುಮ್ಮನೆ ಬಿಡುತ್ತಿರಲಿಲ್ಲ. "ಕೂತ್ಕೊಳ್ಳಿ. ಗುಂಡಿ ಜೋತಾಡ್ತಿದೆ, ಮನೇಲಿ ಯಾರೂ ನೋಡಲ್ವಾ?" ಎಂದು ಸೂಜಿ ಹಿಡಿಯುವಳು. ಗುಂಡಿ ಕೂರುವಷ್ಟರಲ್ಲಿ ಅವರ ಮನೆಯ ಒಳಗುಟ್ಟೆಲ್ಲ ಜಗಲಿಗೆ ಬಂದಿರುತ್ತಿತ್ತು. ಮನಸ್ಸು ಸರಿಯಿಲ್ಲದ ದಿನ ಬೇಕೆಂದೇ ಆ ಕಡೆ ಹೊಡೆಯುವ ಡಾಕ್ಟರು, ವಕೀಲರೂ ಇದ್ದರು. ಅಕ್ಕ ಒಂಟಿ ಜೀವ. ಅವಳಿಗೆ ಮಾತೇ ಊಟ.

ಆಮೇಲೆ ಹೊಸ ಕಾರ್ಯದರ್ಶಿ ಬಂದ. ನಕ್ಕರೆ ಎಲ್ಲಿ ಬಾಯಿ ಸವೆಯುತ್ತದೋ ಎನ್ನುವಂಥ ಮನುಷ್ಯ. ಆಟ ತಡವಾಗುತ್ತದೆಂದು ಅಂಗಳದ ಸುತ್ತ ಎತ್ತರದ ಬಲೆ ಕಟ್ಟಿಸಿಬಿಟ್ಟ. ಚೆಂಡು ಬರುವುದು ನಿಂತಿತು, ಜನ ಬರುವುದೂ ನಿಂತಿತು. ಅಕ್ಕನಿಗೆ ಅಳುವೇ ಬಂತು. ಮೆಷಿನ್ನಿನ ಜೊತೆ ಎಷ್ಟೂಂತ ಮಾತಾಡುವುದು? ಬಲೆಗೆ ಕತ್ತರಿ ಹಾಕೋಣ ಎಂದು ಹೊರಟವಳು, ಹರಿದದ್ದನ್ನು ಹೊಲಿಯಲು ತನ್ನನ್ನೇ ಕರೆಯುತ್ತಾರೆಂದು ಹೊಳೆದು ಕೈಬಿಟ್ಟಳು.

ಬುಟ್ಟಿಯಲ್ಲಿ ಹಳೇ ಚೆಂಡುಗಳಿದ್ದವು. ಯಾರೋ ಮಾತಿನ ಭರದಲ್ಲಿ ಮರೆತುಹೋದ ಗಾಲ್ಫ್ ಕೋಲು ಬಾಗಿಲ ಹಿಂದಿತ್ತು. ಅಕ್ಕ ತೋಳೇರಿಸಿದಳು. ಮೊದಲು ಹೂಕುಂಡ ಹೋಯಿತು, ಆಮೇಲೆ ಬಚ್ಚಲುಮನೆಯ ಗಾಜು. ಅವಳು ಛಲ ಬಿಡಲಿಲ್ಲ. ಕೊನೆಗೊಂದು ಚೆಂಡು ಬಲೆ ದಾಟಿ, ಅತ್ತ ಬಗ್ಗಿ ಗುರಿ ನೋಡುತ್ತಿದ್ದ ಕಾರ್ಯದರ್ಶಿಯ ಪೃಷ್ಠಕ್ಕೇ ಹೋಗಿ ಬಡಿಯಿತು.

ಅವನು ಚೆಂಡು ಹಿಡಿದು ಕೆಂಡಾಮಂಡಲವಾಗಿ ಬಂದ. "ಯಾರದಮ್ಮಾ ಇದು?"

"ನಂದೇ. ಕೇಳೋಕೆ ನಾನೇ ಬರೋಣ ಅಂತಿದ್ದೆ, ನಿಯಮ ಅಲ್ವಾ?" ಎಂದಳು ಅಕ್ಕ. "ಬಂದ್ರಲ್ಲ, ಕೂತ್ಕೊಳ್ಳಿ. ನಿಮ್ಮ ಪ್ಯಾಂಟು ಹಿಂದೆ ಬಿಚ್ಚಿಕೊಂಡಿದೆ. ಇಲ್ಲಿಂದಾನೇ ಕಾಣ್ತಿತ್ತು."

ಅವನು ಹಿಂದೆ ಮುಟ್ಟಿ ನೋಡಿಕೊಂಡ. ಒಳಗೆ ಹೋಗಿ, ಅಕ್ಕ ಕೊಟ್ಟ ಹೂಹೂವಿನ ಪರದೆ ಬಟ್ಟೆ ಸುತ್ತಿಕೊಂಡು ಬಂದು ಜಗಲಿಯಲ್ಲಿ ಕೂತ. ಹೊಲಿಗೆ ಮುಗಿಯುವಷ್ಟರಲ್ಲಿ, ಮನೆಯಲ್ಲಿ ಹೆಂಡತಿ ಮಾತು ಬಿಟ್ಟಿರುವ ಸಂಗತಿ ಹೇಳಿಬಿಟ್ಟಿದ್ದ. ಅದನ್ನು ಅವನು ಅಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ.

ಬಲೆ ಇನ್ನೂ ಅಲ್ಲೇ ಇದೆ. ಕಾರ್ಯದರ್ಶಿ ಅಂದಮೇಲೆ ಒಂದಿಷ್ಟು ಮಾನ ಉಳಿಸಿಕೊಳ್ಳಬೇಕಲ್ಲ. ಆದರೆ ನಿಯಮಕ್ಕೆ ಹೊಸ ಸಾಲೊಂದು ಸೇರಿದೆ: ಅಕ್ಕನ ಚೆಂಡು ಮೈದಾನಕ್ಕೆ ಬಿದ್ದರೆ, ಸಿಕ್ಕವರು ಖುದ್ದಾಗಿ ಮನೆಗೆ ತಲುಪಿಸತಕ್ಕದ್ದು. ಅಕ್ಕ ದಿನಾ ಬೆಳಿಗ್ಗೆ ಒಂದು ಹೊಡೆಯುತ್ತಾಳೆ. ಎತ್ತಿಕೊಳ್ಳಲು ಎಲ್ಲರಿಗಿಂತ ಮುಂಚೆ ಓಡುವವನು ಕಾರ್ಯದರ್ಶಿಯೇ.