ಹಮೀದಾಕ ಮೂರು ಸಲ ಕೇಳುತ್ತಿದ್ದರು

ಬಿಸಿಯಾದ ಫೋನನ್ನು ಯಾರಾದರೂ ತಂದುಕೊಟ್ಟರೆ ಹಮೀದಾಕ ಮೊದಲು ಕಣ್ಣು ಮುಚ್ಚುತ್ತಿದ್ದರು. ಎಡಗೈಯ ನಾಲ್ಕು ಬೆರಳುಗಳನ್ನು ಒತ್ತಾಗಿ ಜೋಡಿಸಿ, ಅವುಗಳ ತುದಿಯ ಮೇಲೆ ಫೋನನ್ನು ಅಂಗಾತ ಮಲಗಿಸಿ, ಮೇಲಿನಿಂದ ಕೆಳಕ್ಕೆ ನಿಧಾನವಾಗಿ ಸರಿಸುತ್ತಿದ್ದರು. ಹೊರಗೆ ಕಾರ್ಕಳ ಬಸ್‌ಸ್ಟ್ಯಾಂಡಿನ ಕಂಡಕ್ಟರುಗಳು ಹಿರಿಯಡ್ಕ, ಉಡುಪಿ ಎಂದು ಕೂಗುತ್ತಿದ್ದರೂ ಅವರಿಗೆ ಕೇಳಿಸುತ್ತಿರಲಿಲ್ಲ. ಮೇಲ್ಭಾಗ ಸುಡುತ್ತಿದ್ದರೆ ಬೋರ್ಡು, ನಡುಭಾಗವಾದರೆ ಬ್ಯಾಟರಿ, ಕೆಳಗಾದರೆ ಚಾರ್ಜರ್ ಸಿಕ್ಕಿಸುವ ಜಾಗ. ಶಾಖ ಅಳೆಯುವ ಮೀಟರು ಮೇಜಿನ ಮೇಲೆಯೇ ಇತ್ತು. ಬೆರಳು ಹೇಳಿದ್ದನ್ನು ಹೇಳಿಯಾದ ಮೇಲೆ, ಗಿರಾಕಿಯ ಸಮಾಧಾನಕ್ಕೆಂದು ಅದನ್ನು ಹಿಡಿಯುತ್ತಿದ್ದರು.

ಹೆಸರು ಹಮೀದ್. ಕಾಕ ಸೇರಿ ಎಲ್ಲರ ಬಾಯಲ್ಲಿ ಹಮೀದಾಕ. ಕಾಪುವಿನ ಬ್ಯಾರಿ ಮನೆಯವರು. ದುಬೈಯಲ್ಲಿ ಬೇರೆಯವರ ಅಂಗಡಿಯಲ್ಲಿ ಫೋನು ಬಿಚ್ಚಿ ಬಿಚ್ಚಿ ಕೆಲಸ ಕಲಿತು, ಊರಿಗೆ ಬಂದು ಕಾರ್ಕಳದಲ್ಲಿ ಸ್ವಂತ ಅಂಗಡಿ ಇಟ್ಟರು. ಬಾಗಿಲ ಪಕ್ಕ ಮರಳು ತುಂಬಿದ ಕೆಂಪು ಬಕೆಟ್ಟು. ಬ್ಯಾಟರಿಗೆ ಬೆಂಕಿ ಹಿಡಿದರೆ ಹುಗಿಯುವುದಕ್ಕೆ. ಕಾಪುವಿನ ಬೀಚನ್ನು ಬಿಟ್ಟಿರಲಾರದೆ ಅದನ್ನೂ ಹೊತ್ತು ತಂದಿದ್ದಾರೆ ಎಂದು ಆಟೋದವರು ತಮಾಷೆ ಮಾಡುತ್ತಿದ್ದರು. ಅವರ ಮಗಳು ಸಫಿಯಾ ಹೈಸ್ಕೂಲಿನಲ್ಲಿ ನನ್ನ ವಿದ್ಯಾರ್ಥಿನಿ. ಹಾಗಾಗಿ ನಾನು ಬಂದರೆ ಎದ್ದು ನಿಂತು, ಸ್ಟೂಲನ್ನು ತಮ್ಮ ತೋಳಿನಿಂದಲೇ ಒರೆಸಿ ಕೊಡುತ್ತಿದ್ದರು.

ಅವರ ಅರ್ಧ ಕೆಲಸ ಕೇಳುವುದರಲ್ಲೇ ಮುಗಿಯುತ್ತಿತ್ತು. "ಇದಕ್ಕೆ ಎಂತ ಮಾಡಿದ್ರಿ?" ಎಂದು ಪ್ರತಿಯೊಬ್ಬರನ್ನೂ ಮೂರು ಸಲ ಕೇಳುತ್ತಿದ್ದರು, ದನಿ ಏರಿಸದೆ, ಅದೇ ಮಾತಿನಲ್ಲಿ. ಫೋನು ಬಿಸಿಯಾದರೆ ಜನ ಸುಮ್ಮನಿರುವುದಿಲ್ಲ, ಮನೆಯಲ್ಲಿ ಏನಾದರೊಂದು ಮಾಡಿಯೇ ಬರುತ್ತಾರೆ, ಮಾಡಿದ್ದನ್ನು ಹೇಳಲು ನಾಚುತ್ತಾರೆ ಎಂಬುದು ಅವರ ಅನುಭವ. ಮೂರೇ ಸಲ ಯಾಕೆ ಎಂದು ಒಮ್ಮೆ ಕೇಳಿದ್ದೆ. "ಮೊದಲನೇದ್ದು ಮರ್ಯಾದೆಗೆ ಹೇಳುದು ಟೀಚರೇ. ಎರಡನೇದ್ದರಲ್ಲಿ ಅರ್ಧ ಬರ್ತದೆ. ರಿಪೇರಿ ಇರುದು ಮೂರನೇದ್ದರಲ್ಲಿ" ಎಂದಿದ್ದರು.

ಮೀನು ಮಾರುವ ಗಿರಿಜಕ್ಕ ಒಂದು ದಿನ ಪರದೆಯ ಒಳಗೆಲ್ಲ ಹನಿ ಕಟ್ಟಿದ್ದ ಫೋನು ತಂದರು. ಮೊದಲ ಸಲ ಕೇಳಿದಾಗ ಎಂತದೂ ಮಾಡಲಿಲ್ಲ ಎಂದರು. ಎರಡನೇ ಸಲ, ಬಿಸಿ ಆಗಿತ್ತು, ಸ್ವಲ್ಪ ತಣ್ಣಗಿನ ಕಡೆ ಇಟ್ಟಿದ್ದೆ ಎಂದರು. ಮೂರನೇ ಸಲಕ್ಕೆ ಐಸಿನ ಪೆಟ್ಟಿಗೆ ಹೊರಗೆ ಬಂತು.

"ಬಂಗುಡೆ ಎರಡು ದಿನ ಕೆಡುದಿಲ್ಲ ಅದ್ರಲ್ಲಿ. ಇದು ಹೇಗೆ ಕೆಟ್ಟಿತು?" ಎಂದು ಅವರು ತಿರುಗಿ ಗದರಿದರು.

"ಬಂಗುಡೆಗೆ ಯಾರೂ ಫೋನ್ ಮಾಡುದಿಲ್ಲ ಗಿರಿಜಕ್ಕ" ಎಂದರು ಹಮೀದಾಕ. ಬಿಚ್ಚಿ ಒಣಗಿಸಿ ಎರಡನೇ ದಿನ ಕೊಟ್ಟರು. ಇನ್ನು ಬಿಸಿಯಾದರೆ ಚಾರ್ಜರ್ ಕಿತ್ತು, ಕವರು ತೆಗೆದು, ನೆರಳಲ್ಲಿ ಸುಮ್ಮನೆ ಬಿಡಬೇಕು ಎಂದು ಆಣೆ ಹಾಕಿಸಿಕೊಂಡರು. ಕವರಿನ ಮೇಲೆ ಅವರಿಗೆ ವಿಶೇಷ ಸಿಟ್ಟಿತ್ತು. "ಈ ಸೆಕೆಗೆ ನೀವು ಕಂಬಳಿ ಹೊದ್ದು ಕೂರ್ತೀರಾ ಮಾರಾಯ್ರೆ?" ಎನ್ನುತ್ತ ಎಷ್ಟೋ ಜನರ ಫೋನಿನ ದಪ್ಪ ಕವರು ಬಿಚ್ಚಿ ಕೈಗೆ ಕೊಟ್ಟು, ಅಷ್ಟಕ್ಕೇ ಕಳಿಸಿದ್ದನ್ನು ನಾನು ನೋಡಿದ್ದೇನೆ.

ಇನ್ನೊಂದನ್ನೂ ನೋಡಿದ್ದೆ. ಲಾರಿ ಡ್ರೈವರನೊಬ್ಬ, ಉಬ್ಬಿದ ಫೋನನ್ನು ಸೀಟಿನಡಿ ಇಟ್ಟು ಕೂತು ಚಪ್ಪಟೆ ಮಾಡಿದ್ದೇನೆಂದು ಮೂರನೇ ಸಲಕ್ಕೆ ಒಪ್ಪಿಕೊಂಡ. ಹಮೀದಾಕ ಇಕ್ಕಳದಿಂದ ಅದನ್ನೆತ್ತಿ ಮರಳಿನಲ್ಲಿ ಹುಗಿದರು. "ಒತ್ತಿದ ಬ್ಯಾಟರಿಯನ್ನು ನಾನು ಬಿಚ್ಚುದಿಲ್ಲ" ಎಂದರು. ಒಳಗಿದ್ದ ಫೋಟೊಗಳಿಗಾಗಿ ಅವನು ಎಷ್ಟು ಬೇಡಿಕೊಂಡರೂ ಬಿಚ್ಚಲಿಲ್ಲ. ಅವರ ಈ ಒಂದು ನಿಯಮ ನನಗೆ ಚೆನ್ನಾಗಿ ಗೊತ್ತಿತ್ತು. ಅದನ್ನು ಇಲ್ಲಿ ಬರೆದಿಡಬೇಕು.

ಆ ಬೇಸಗೆ ರಜೆಯಲ್ಲಿ ನಮಗೆ ಮನೆಮನೆ ಸಮೀಕ್ಷೆಯ ಕೆಲಸ ಬಂತು. ಎಲ್ಲವನ್ನೂ ಫೋನಿನಲ್ಲೇ ತುಂಬಬೇಕು. ನನ್ನ ಪಾಲಿಗೆ ಬಂದದ್ದು ಬಜಗೋಳಿಯಿಂದ ಒಳಗೆ ಹೋಗುವ ಜಾಗ. ಅಲ್ಲಿ ನೆಟ್‌ವರ್ಕ್ ಇಲ್ಲ. ಮೂರು ದಿನ ಬಿಸಿಲಲ್ಲಿ, ಪವರ್ ಬ್ಯಾಂಕ್ ಸಿಕ್ಕಿಸಿಕೊಂಡೇ ನಡೆದೆ. ನಲವತ್ತೊಂದು ಮನೆಗಳ ವಿವರ ಎಲ್ಲಿಗೂ ಹೋಗದೆ ಫೋನಿನಲ್ಲೇ ಕೂತಿತ್ತು. ಮೂರನೇ ಸಂಜೆ ಹಿರಿಯಡ್ಕದ ನನ್ನ ಮನೆಗೆ ಬಂದು ಚೀಲದಿಂದ ತೆಗೆದಾಗ ಫೋನು ಹಿಡಿಯಲಾರದಷ್ಟು ಸುಡುತ್ತಿತ್ತು, ಹಿಂದಿನ ಮುಚ್ಚಳ ಉಬ್ಬಿತ್ತು. ಮತ್ತೆ ಆನ್ ಆಗಲಿಲ್ಲ. ಅಡುಗೆಮನೆಯಲ್ಲಿ, ಮಾವಿನ ಮಿಡಿಯನ್ನು ಉಪ್ಪಿಗೆ ಹಾಕಿದಾಗ ಭರಣಿಯೊಳಗೆ ಮಿಡಿಗಳ ಮೇಲೆ ಹೇರುವ ಗುಂಡುಕಲ್ಲು ಒಣಗಲು ಇಟ್ಟಿತ್ತು. ಫೋನನ್ನು ಬಟ್ಟೆಯ ಮೇಲಿಟ್ಟು ಆ ಕಲ್ಲನ್ನು ಅದರ ಮೇಲೆ ಹೇರಿದೆ. ಬೆಳಗ್ಗೆ ನೋಡಿದರೆ ಮುಚ್ಚಳ ಹೆಚ್ಚುಕಡಿಮೆ ಸಮವಾಗಿತ್ತು. ನನಗೆ ಸಂತೋಷವಾಯಿತು. ನಾನು ಶಾಲೆಯಲ್ಲಿ ಕಲಿಸುವುದು ವಿಜ್ಞಾನ.

ಅಂಗಡಿಗೆ ಹೋದಾಗ ಹನ್ನೊಂದು ಗಂಟೆ. ಬಾಗಿಲ ಹತ್ತಿರದ ಬೆಂಚಿನಲ್ಲಿ ಕೂಸನ್ನೆತ್ತಿಕೊಂಡ ಹೆಂಗಸೊಬ್ಬಳು ಕೂತಿದ್ದಳು. ನಲವತ್ತೊಂದು ಮನೆಗಳ ವಿಷಯ ಹೇಳಿದೆ. ಹಮೀದಾಕ ಫೋನನ್ನು ನಾಲ್ಕು ಬೆರಳಿನ ಮೇಲೆ ಮಲಗಿಸಿ ಕಣ್ಣು ಮುಚ್ಚಿದರು, ತೆರೆದರು.

"ಟೀಚರೇ, ಇದಕ್ಕೆ ಎಂತ ಮಾಡಿದ್ರಿ?"

"ಎಂತದೂ ಮಾಡ್ಲಿಲ್ಲ."

ಅವರು ನನ್ನನ್ನು ನೋಡಿದರು. ಫೋನಿನ ಹಿಂಭಾಗವನ್ನು ಹೆಬ್ಬೆರಳಿನಿಂದ ಒಮ್ಮೆ ಉಜ್ಜಿದರು. ಎರಡನೇ ಸಲ ಕೇಳಿದರೆ ಕಲ್ಲಿನ ವಿಷಯ ಹೇಳಿಬಿಡುವುದೆಂದು ನಾನು ಮನಸ್ಸಿನಲ್ಲೇ ತಯಾರಾಗಿದ್ದೆ. ಅವರು ಕೇಳಲಿಲ್ಲ. ದೀಪವನ್ನು ಹತ್ತಿರ ಎಳೆದುಕೊಂಡರು.

ಮುಚ್ಚಳ ಬಿಚ್ಚಿತು. ಬ್ಯಾಟರಿಯ ಅಂಚಿಗೆ ತೆಳು ಪಟ್ಟಿಯನ್ನು ತೂರಿಸಿದರು. ಕುಕ್ಕರಿನ ಸೀಟಿ ಏಳುವ ಮುಂಚೆ ಬರುವಂಥ ಸಣ್ಣ ಸದ್ದು ಕೇಳಿಸಿತು. ಆಮೇಲೆ ಬಿಳಿ ಹೊಗೆ, ಅದರ ಬೆನ್ನಿಗೇ ಬೆಂಕಿ. ಇಕ್ಕಳ ಮೇಜಿನ ಆಚೆ ತುದಿಯಲ್ಲಿತ್ತು. ಬಕೆಟ್ಟಿನತ್ತ ಎಸೆಯೋಣವೆಂದರೆ ನಡುವೆ ಆ ಹೆಂಗಸು, ಕೂಸು. ಅವರು ಎಡಗೈಯಲ್ಲೇ ಅದನ್ನೆತ್ತಿಕೊಂಡು ನಡೆದರು. ಓಡಲಿಲ್ಲ. ಐದು ಹೆಜ್ಜೆ. ಮರಳಿನಲ್ಲಿ ಮೊಣಕೈವರೆಗೆ ಕೈ ಇಳಿಸಿ ಹುಗಿದರು. ನಾನು ಎದ್ದು ನಿಂತಿದ್ದೆ, ಅಷ್ಟೇ. ಒಂದು ಹೆಜ್ಜೆಯನ್ನೂ ಇಟ್ಟಿರಲಿಲ್ಲ.

ಆಟೋದವರು ಅವರನ್ನು ಮಣಿಪಾಲಕ್ಕೆ ಕರೆದೊಯ್ದರು. ನಾನು ಬೇರೆ ಫೋನು ಹಿಡಿದು ಮತ್ತೆ ಅದೇ ನಲವತ್ತೊಂದು ಮನೆಗಳಿಗೆ ಹೋದೆ. ಯಾರೂ ಬೈಯಲಿಲ್ಲ. ಒಂದು ಮನೆಯ ಅಜ್ಜಿ, ನಿನ್ನೆ ಮೊನ್ನೆ ಹೇಳಿದ್ದನ್ನೇ ಮತ್ತೆ ಕೇಳುತ್ತೀರಲ್ಲ, ಪಾಠ ಬಾಯಿಪಾಠ ಆಗಲಿಲ್ಲವಾ ಎಂದು ನಗಾಡಿ ಮಜ್ಜಿಗೆ ಕೊಟ್ಟರು. ಕಳೆದುಹೋಗುತ್ತದೆಂದು ನಾನು ಸುಳ್ಳು ಹೇಳಿ ಕಾಪಾಡಲು ಹೋದದ್ದು ಮೂರೇ ದಿನಗಳಲ್ಲಿ ಪೂರ್ತಿ ವಾಪಸು ಬಂತು.

ಹಮೀದಾಕನ ಗಾಯ ಒಣಗಲು ಮಳೆಗಾಲ ಅರ್ಧ ಕಳೆಯಿತು. ಅಣ್ಣನ ಮನೆಯಲ್ಲಿದ್ದಾರೆಂದು ತಿಳಿದು, ಉಡುಪಿಯಲ್ಲಿ ಬಸ್ಸು ಬದಲಿಸಿ ಕಾಪುವಿಗೆ ಹೋದೆ. ಚಾ ಕುಡಿಯುವ ಮೊದಲೇ ಕಲ್ಲಿನ ವಿಷಯ ಹೇಳಿದೆ. ಭರಣಿ, ಬಟ್ಟೆ, ಎಷ್ಟು ಹೊತ್ತಿಗೆ ಇಟ್ಟದ್ದು, ಎಷ್ಟು ಹೊತ್ತಿಗೆ ತೆಗೆದದ್ದು, ಎಲ್ಲವನ್ನೂ. ಅವರು ಕೇಳಿಸಿಕೊಂಡರು.

"ಗೊತ್ತುಂಟು. ಫೋನಿನ ಹಿಂದೆ ಉಪ್ಪು ಅಂಟಿತ್ತು" ಎಂದರು. "ಎಂತದೋ ಮಾಡಿದ್ದಾರೆ ಅಂತ ಆವಾಗಲೇ ಅನ್ನಿಸ್ತು. ಆದ್ರೆ ಸಫಿಯಾನ ಟೀಚರು. ಇಲ್ಲ ಅಂತ ಒಮ್ಮೆ ಹೇಳಿಯಾಯ್ತು. ಎರಡನೇ ಸಲ ಕೇಳಿದ್ರೆ ನಂಬಿಕೆ ಇಲ್ಲ ಅಂತ ಆಗ್ತದಲ್ವಾ?" ಎಂದರು.

ಸಿಟ್ಟು ಮಾಡಿದ್ದರೆ ತಡೆದುಕೊಳ್ಳುತ್ತಿದ್ದೆ. ಚಾ ತಣ್ಣಗಾಗುತ್ತದೆ, ಕುಡಿಯಿರಿ ಎಂದರು. ಬೆರಳುಗಳಿಗೆ ಹೊಸ ಚರ್ಮ ಬಂದಿತ್ತು, ಗುಲಾಬಿ ಬಣ್ಣದ, ಗೆರೆಗಳಿಲ್ಲದ ಚರ್ಮ. ಆ ಕೈಯಲ್ಲಿ ಲೋಟವನ್ನು ಅವರು ಹಿಡಿದದ್ದು ನೋಡಿದೆ. ಬಿಸಿ ಚಾದ ಸ್ಟೀಲು ಲೋಟವನ್ನು ಕೆಳಗಿಡದೆ, ಕೈ ಬದಲಿಸದೆ, ಮಾತು ಮುಗಿಯುವವರೆಗೂ ಹಿಡಿದೇ ಇದ್ದರು.

ಈಗ ಕಾರ್ಕಳದ ಆ ಅಂಗಡಿ ಇಲ್ಲ. ಅಲ್ಲಿ ಒಬ್ಬರು ಬ್ಯಾಗು, ಕೊಡೆ ಮಾರುತ್ತಾರೆ. ಹಮೀದಾಕ ಮಗಳ ಜೊತೆ ದುಬೈಗೆ ಹೋದರಂತೆ. ನನ್ನ ಹೊಸ ಫೋನು ಇದನ್ನು ಬರೆಯುವಾಗ ಮೇಜಿನ ಆ ತುದಿಯಲ್ಲಿದೆ. ಈ ಪುಟ ಮುಗಿಯುವುದರೊಳಗೆ ಎರಡು ಸಲ ಎದ್ದು ಹೋಗಿ ಮುಟ್ಟಿ ನೋಡಿ ಬಂದಿದ್ದೇನೆ.

ಅಂಗಡಿ ಮುಚ್ಚುವ ಮೊದಲು ಒಮ್ಮೆ ಹೋಗಿದ್ದೆ. ಹಿಂದಿನಂತೆಯೇ ಎದ್ದರು. ಈ ಸಲ ಸ್ಟೂಲು ಒರೆಸಲಿಲ್ಲ. ಯಾರೋ ಬಿಟ್ಟುಹೋಗಿದ್ದ ಫೋನೊಂದು ಅವರ ಎಡಗೈ ಬೆರಳುಗಳ ಮೇಲಿತ್ತು. ಕಣ್ಣು ಮುಚ್ಚಿ ಸರಿಸಿದರು, ಮತ್ತೆ ಸರಿಸಿದರು. ಬಲಗೈಗೆ ಬದಲಿಸಿದರು. ಸೋಲ್ಡರಿಂಗ್ ಮಾಡಿ ಮಾಡಿ ಆ ಬೆರಳುಗಳು ಮೊದಲೇ ಒರಟಾಗಿದ್ದವು. ಮೀಟರು ಅಲ್ಲೇ ಇತ್ತು. ಅದನ್ನು ಮುಟ್ಟದೆ ಫೋನನ್ನು ನನ್ನತ್ತ ಚಾಚಿದರು.

"ಟೀಚರೇ, ಎಲ್ಲಿ ಬಿಸಿ ಉಂಟು?"

ನಾಲ್ಕು ಬೆರಳು ಜೋಡಿಸಿ, ಅವರು ಮಾಡುತ್ತಿದ್ದಂತೆ ಮಲಗಿಸಿದೆ. ಕಣ್ಣು ಮುಚ್ಚಿದೆ. ಕೆಳಗೆ, ಚಾರ್ಜರ್ ಸಿಕ್ಕಿಸುವಲ್ಲಿ, ಬಲಬದಿಗೆ ಎಂದೆ.

"ಎಲ್ಲಿ ಬಿಸಿ ಉಂಟು?" ಎಂದು ಅವರು ಮತ್ತೆ ಕೇಳಿದರು.

ಕೆಳಗೆ, ಬಲಬದಿಗೆ ಎಂದೆ.

ಮೂರನೇ ಸಲವೂ ಕೇಳಿದರು. ನಾನು ಮತ್ತೊಮ್ಮೆ ಮುಟ್ಟಿ ನೋಡಿ, ಅದನ್ನೇ ಹೇಳಿದೆ. ಆಮೇಲೆ ಅವರು ದೀಪವನ್ನು ಹತ್ತಿರ ಎಳೆದುಕೊಂಡರು.