ಕಪ್ಪು ಆಲೂಗಡ್ಡೆಯ ಸಾರು

ಅಡುಗೆಯ ವಿಷಯದಲ್ಲಿ ಯಾರ ಮಾತೂ ನನ್ನ ಕಿವಿಗೆ ಬೀಳುವುದಿಲ್ಲ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಮುಂದೆ ಆದದ್ದಕ್ಕೆಲ್ಲ ಅದೇ ಕಾರಣ.

ವಿಲಾಯತಿಯ ಗ್ರೀನ್‌ಫರ್ಡ್‌ನಲ್ಲಿ ನಮ್ಮ ಪಕ್ಕದ ಫ್ಲ್ಯಾಟಿನಲ್ಲಿ ಪೆರು ದೇಶದ ಒಬ್ಬ ಹೆಂಗಸು ಇದ್ದರು. ಎಪ್ಪತ್ತರ ಹತ್ತಿರ ವಯಸ್ಸು, ಒಂಟಿ ಜೀವ. ಊಟಕ್ಕೆ ಕೂತರೆ ಮೊದಲ ಚಮಚ ಕಿಟಕಿಯಲ್ಲಿದ್ದ ಹೂಕುಂಡದ ಮಣ್ಣಿಗೆ. ಭೂಮಿತಾಯಿ ಉಂಡ ಮೇಲೆ ತಾವು. ನಮ್ಮ ಧಾರವಾಡದ ಕಡೆ ಸೀಗಿಹುಣ್ಣಿಮೆಗೆ ಹೊಲದಲ್ಲಿ ಅಡುಗೆಯ ಚರಗ ಚೆಲ್ಲಿ ಭೂಮಿಗೆ ಉಣಿಸುತ್ತಾರಲ್ಲ, ಅದನ್ನೇ ಇವರು ದಿನಾ ಮಾಡುತ್ತಿದ್ದರು. ಅಷ್ಟಕ್ಕೇ ನಾನು ಅವರಿಗೆ ಅಂಟಿಕೊಂಡೆ.

ನಾನೂ ನನ್ನ ಗಂಡನೂ ಪೆರುವಿಗೆ ಹೊರಟಾಗ ಅವರು ಕೇಳಿದ್ದು ಒಂದೇ. "ಒಂದಿಷ್ಟು ಚುನ್ಯೊ ತಂದುಕೊಡು. ನನ್ನ ಅಮ್ಮ ಅದರಿಂದ ಮಾಡುತ್ತಿದ್ದ ಸಾರು ಸಾಯುವ ಮೊದಲು ಒಮ್ಮೆ ಕುಡಿಯಬೇಕು."

ಲಿಮಾದ ಕಡಲ ದಂಡೆಯಲ್ಲಿ ಎಲ್ಲರೂ ನಿಂಬೆರಸದಲ್ಲಿ ನೆನೆದ ಹಸಿಮೀನು ಚಪ್ಪರಿಸುವಾಗ ಶಾಕಾಹಾರಿಯಾದ ನಾನು ಗೋವಿನಜೋಳದ ತೆನೆ ಕಡಿಯುತ್ತ ಕೂತಿದ್ದೆ. ಬೆಟ್ಟದ ಮೇಲಿನ ಕುಸ್ಕೋ ತಲುಪಿದ ಮೇಲೆಯೇ ಹೊಟ್ಟೆ ತುಂಬಿದ್ದು. ಅಲ್ಲಿ ಆಲೂಗಡ್ಡೆಯದೇ ರಾಜ್ಯ. ಸಂತೆಯಲ್ಲಿ ಚುನ್ಯೊ ಸಿಕ್ಕಿತು. ರಾತ್ರಿಯ ಹಿಮಕ್ಕೆ ಆಲೂಗಡ್ಡೆ ಹರವಿ, ಬರಿಗಾಲಲ್ಲಿ ತುಳಿದು ನೀರು ತೆಗೆದು, ಬಿಸಿಲಿಗೆ ಒಣಗಿಸಿದ್ದು. ನೋಡಲು ಕರಿಗಲ್ಲು, ಎತ್ತಿದರೆ ಭಾರವೇ ಇಲ್ಲ. ಸಾರು ಮಾಡುವ ಬಗೆಯನ್ನೂ ಮಾರುವವಳಿಂದ ಕೇಳಿ ಬರೆದುಕೊಂಡೆ.

ಮರಳಿದ ದಿನವೇ ಚೀಲ ಅವರ ಕೈಗೆ ಕೊಡಬೇಕಿತ್ತು. ಕೊಡಲಿಲ್ಲ.

"ಒಣಾ ಬಟಾಟಿ ಹೆಂಗ ಕೊಡೂದ್ರಿ? ಅಡಗಿ ಮಾಡಿ ಬಡಸ್ತೀನಿ," ಎಂದು ಗಂಡನಿಗೆ ಹೇಳಿದೆ.

"ಕೊಟ್ಟಬಿಡು. ಅವ್ರಿಗೆ ಬೇಕಾಧಂಗ ಅವ್ರ ಮಾಡ್ಕೋತಾರ," ಎಂದರು.

ನಾನು ಕೇಳಬೇಕಲ್ಲ. ಭಾನುವಾರ ಊಟಕ್ಕೆ ಬನ್ನಿ ಎಂದು ಅವರನ್ನು ಕರೆದೆ. ಅವರು ನನ್ನ ಕೈಯಲ್ಲಿದ್ದ ಚೀಲದ ಕಡೆ ಒಮ್ಮೆ ನೋಡಿ, ಆಗಲಿ ಎಂದು ನಕ್ಕರು. ಎರಡು ದಿನ ನೀರು ಬದಲಿಸುತ್ತ ಚುನ್ಯೊ ನೆನೆಸಿದೆ. ಶನಿವಾರ ಬೆಳಿಗ್ಗೆ ಅವರಿಗೆ ಪಾರ್ಶ್ವವಾಯು ಹೊಡೆಯಿತು.

ಭಾನುವಾರ ಸಾರು ಮಾಡಿ ಡಬ್ಬಿಗೆ ತುಂಬಿ, ಗಂಡನ ಜೊತೆ ಆಸ್ಪತ್ರೆಗೆ ಒಯ್ದೆ. ಬಾಯಿಗೆ ಏನೂ ಕೊಡಬಾರದೆಂದು ಹಾಸಿಗೆಯ ತಲೆಯ ಕಡೆ ಬರೆದು ಹಾಕಿದ್ದರು. ಮಾತು ಹೋಗಿತ್ತು, ಬಲಗೈಯೂ.

"ನೀವೂ ಡಾಕ್ಟರ್ ಅದೀರಲ್ಲ, ಒಂದ ಚಮಚಾ ಕೊಡಸ್ರಿ," ಎಂದು ಗಂಡನ ತೋಳು ಹಿಡಿದೆ.

"ಅವ್ರಿಗೆ ನುಂಗಾಕ ಆಗವಲ್ತು. ಒಂದ ಹನಿ ಶ್ವಾಸದ ನಳಿಗ್ಯಾಗ ಹೋದ್ರ ಜೀವಕ್ಕ ಅಪಾಯ. ನನ್ನ ಕೈಯಾಗ ಏನೂ ಇಲ್ಲ."

ಏನು ಮಾಡಬೇಕೆಂದು ತೋಚದೆ ಡಬ್ಬಿಯ ಮುಚ್ಚಳ ತೆಗೆದು ಅವರ ಮೂಗಿನ ಹತ್ತಿರ ಹಿಡಿದೆ. ಅವರ ಕಣ್ಣಲ್ಲಿ ನೀರು ತುಂಬಿತು. ನನ್ನ ಮೇಲೆ ನನಗೇ ಅಸಹ್ಯವಾಯಿತು. ಆಮೇಲೆ ಅವರು ಎಡಗೈಯನ್ನು ಕಷ್ಟದಿಂದ ಎತ್ತಿ ಕಿಟಕಿ ತೋರಿಸಿದರು. ಅದು ನೆಲಮಹಡಿಯ ಕೋಣೆ; ಗಾಜಿನ ಆಚೆ, ಗೋಡೆಗೆ ಹತ್ತಿಕೊಂಡೇ, ಗುಲಾಬಿಯ ಪಾತಿ ಇತ್ತು.

ಹೊರಗೆ ಹೋಗಿ ಮೊದಲ ಚಮಚ ಮಣ್ಣಿಗೆ ಹಾಕಿ ಅವರ ಕಡೆ ನೋಡಿದೆ. ಕೈ ಇನ್ನೂ ಆಡುತ್ತಿತ್ತು, ಹಾಕು, ಇನ್ನೂ ಹಾಕು ಎನ್ನುತ್ತಿತ್ತು. ಡಬ್ಬಿ ಬರಿದಾಗುವವರೆಗೆ ಅವರು ಕೈ ಇಳಿಸಲಿಲ್ಲ.